ಹದಿನಾರು ಗುಂಡಿಯ ಸವತಿ

ತರೀಕೆರೆ
8 ಜುಲೈ 2025

ಭವ್ಯಾ,

ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ಕೂತಿದ್ದೀಯ. ಆಗಲಿ ತಾಯಿ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಈರಪ್ಪ ಸಿಕ್ಕಿದ. "ನಿಮ್ ಫ್ರೆಂಡಿಗೆ ಡಾಕ್ಟ್ರು ದಿನಾ ಪೆನ್ ಹಿಡ್ದು ಬರೀಬೇಕು ಅಂದವ್ರಂತೆ ಕಣಕ್ಕಾ, ಬೆರಳು ಸಡ್ಲಾಗಕ್ಕೆ. ಏನ್ ಬರೀಲಿ ಅಂತ ಗೊತ್ತಾಗ್ದೆ ಶ್ರೀರಾಮ ಶ್ರೀರಾಮ ಅಂತ ಬರೀತಾ ಕೂತೈತೆ" ಎಂದ. ಶ್ರೀರಾಮನಿಗೆ ಬರೆಯುವುದನ್ನು ನನಗೇ ಬರಿ. ಬೈದಾದರೂ ಬರಿ. ಈರಪ್ಪ ಅಜ್ಜಂಪುರದ ಟ್ರಿಪ್ಪಿನಲ್ಲಿ ತಂದು ಕೊಡುತ್ತಾನೆ.

ನೀನು ತೋಟದಲ್ಲಿ ತೆಂಗಿನ ಮಟ್ಟೆ ಮೇಲೆ ಕಾಲಿಟ್ಟು ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ನಮ್ಮ ಆರ್ಕೆಸ್ಟ್ರಾ ಹೇಗಿದೆ ಅಂತ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ನೀನು ಕೋಲಿನಿಂದ ಬಾರಿಸುತ್ತಿದ್ದ ರಿದಂ ಪ್ಯಾಡಿಗೆ ಶಿವಮೊಗ್ಗದಿಂದ ಒಬ್ಬನನ್ನು ಕರೆಸಿದ್ದೆ, ನಿನಗೆ ಸಿಟ್ಟು ಬಂದದ್ದೂ ಅದಕ್ಕೇ. ಮದುಮಗಳು ಇನ್ನೂ ಬಾಗಿಲಲ್ಲಿ ಸೆರಗು ಸರಿ ಮಾಡಿಕೊಳ್ಳುತ್ತಿರುವಾಗಲೇ ಅವಳು ನಡೆದು ಬರಬೇಕಾದ ಹಾಡನ್ನು ಬಾರಿಸಿ ಮುಗಿಸಿಬಿಟ್ಟ. ಹಾಡಿಕೊಂಡು ಕೀಬೋರ್ಡ್ ನುಡಿಸುವ ನಾನು ಅವನ ಹಿಂದೆ ಬಸ್ ತಪ್ಪಿದವಳ ಹಾಗೆ ಓಡಿದೆ.

ಕಡೂರಿನಲ್ಲಿ ದುಶ್ಯಂತ್ ಅಂತ ಒಬ್ಬ ಸ್ಟುಡಿಯೋ ಇಟ್ಟಿದ್ದಾನೆ. ಸೀಕ್ವೆನ್ಸರ್ ಎನ್ನುವ ಪೆಟ್ಟಿಗೆಯನ್ನು ಅವನೇ ತೋರಿಸಿದ. ಸಾಲಾಗಿ ಹದಿನಾರು ಗುಂಡಿ, ಒಂದೊಂದು ಗುಂಡಿಗೆ ಒಂದೊಂದು ಪೆಟ್ಟು. ಯಾವ ಗುಂಡಿ ಒತ್ತಿರುತ್ತೀಯೋ ಅಲ್ಲಿ ಸದ್ದು, ಒತ್ತದ ಕಡೆ ಮೌನ. ಹದಿನಾರೂ ಮುಗಿದರೆ ಮತ್ತೆ ಮೊದಲಿಂದ. ಇಡೀ ಹಾಡಿಗೆ ತಾಳ ತಾನಾಗಿ ಸುತ್ತುತ್ತದೆ ಎಂದ ದುಶ್ಯಂತ್. ಅವನ ಹತ್ತಿರ ಎರಡು ಮೂರು ತರಹದ್ದು ಇವೆ. ಯಾವುದು ನಮಗೆ ಆಗುತ್ತದೆ ಅಂತ ನನಗೆ ತಿಳಿಯುವುದಿಲ್ಲ, ದುಶ್ಯಂತ್‌ಗೆ ನಮ್ಮ ಹಾಡು ತಿಳಿಯುವುದಿಲ್ಲ. ತಾಳದ ಕಿವಿ ಇರುವುದು ನಿನಗೆ. ನೀನು ಆರಿಸಿಕೊಡು.

ತುಳಸಿ ಹಬ್ಬ ಕಳೆದ ಕೂಡಲೇ ನಮ್ಮೂರಲ್ಲೇ ಒಂದು ರಿಸೆಪ್ಷನ್ ಒಪ್ಪಿಕೊಂಡಿದ್ದೇನೆ. ಅದೂ ಕೆಟ್ಟರೆ ನಮ್ಮನ್ನು ಇನ್ನು ಯಾರೂ ಕರೆಯುವುದಿಲ್ಲ, ತಂಡ ಮುಚ್ಚಬೇಕು.

ನಿನ್ನ
ಮಾಲಿನಿ


ಅಜ್ಜಂಪುರ
15 ಜುಲೈ 2025

ಮಾಲಿನಿ,

ಅಕ್ಷರ ನೋಡಿ ನಗಬೇಡ. ಕೋಳಿ ಕೆದಕಿದ ಹಾಗಿದೆ ಎಂದು ಅತ್ತೆ ಆಗಲೇ ನಕ್ಕು ಮುಗಿಸಿದ್ದಾರೆ. ಪೆನ್ನು ಬೆರಳಲ್ಲಿ ನಿಲ್ಲುವುದಿಲ್ಲ, ಎರಡು ಸಾಲಿಗೊಮ್ಮೆ ಕೈ ಬಿಸಿನೀರಿಗೆ ಇಡಬೇಕು.

ನಿನ್ನ ಪತ್ರ ಓದಿ ಮೈಯೆಲ್ಲ ಉರಿಯಿತು. ನನ್ನ ಜಾಗಕ್ಕೆ ಪೆಟ್ಟಿಗೆ ತರುತ್ತೀಯ, ತಾ. ಅದನ್ನು ನಾನೇ ಆರಿಸಿಕೊಡಬೇಕಾ? ನನಗೆ ಸವತಿಯಾಗಿ ಬರುವವಳನ್ನು ನೋಡಲು ನಾನೇ ಹೆಣ್ಣು ನೋಡುವ ಶಾಸ್ತ್ರಕ್ಕೆ ಬರಬೇಕಾ? ಸೀರೆ ಯಾವುದು ಉಡಲಿ, ಅದನ್ನೂ ಹೇಳಿಬಿಡು. ತಟ್ಟೆಯಲ್ಲಿ ಹೂವು ಹಣ್ಣು ಇಟ್ಟುಕೊಂಡೇ ಬರುತ್ತೇನೆ.

ಆಸ್ಪತ್ರೆಯಲ್ಲಿ ನನ್ನ ಮಂಚದ ಮೇಲೆ ಕೂತು ಏನಂದೆ? "ನಿನ್ ಜಾಗ ನಿಂದೇ ಕಣೇ, ಯಾರ್ ಬತ್ತಾರೆ ಅಲ್ಲಿಗೆ" ಅಂದೆ. ಟವಲು ಹಾಕಿ ಹಿಡಿದ ಬಸ್ಸಿನ ಸೀಟು ಕೂಡ ಇದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಈ ವರ್ಷ ಕೋಲು ಮುಟ್ಟುವ ಮಾತೇ ಬೇಡ ಎಂದಿದ್ದಾರೆ ಡಾಕ್ಟರು. ಮುಂದಿನ ವರ್ಷವಾದರೂ ಆಗುತ್ತದಾ ಎಂದು ಕೇಳಿದೆ. "ನೋಡೋಣಮ್ಮ" ಎಂದು ಆಚೆ ಕಡೆ ನೋಡಿದರು. ಅಷ್ಟು ನಿನಗೆ ತಿಳಿದಿರಲಿ.

ಮತ್ತೆ, ಆ ದುಶ್ಯಂತ್ ಯಾರು? ದುಶ್ಯಂತ್ ತೋರಿಸಿದ, ದುಶ್ಯಂತ್ ಅಂದ, ದುಶ್ಯಂತ್‌ಗೆ ತಿಳಿಯುವುದಿಲ್ಲ. ಒಂದು ಪತ್ರದಲ್ಲಿ ನನ್ನ ಹೆಸರಿಗಿಂತ ಅವನ ಹೆಸರೇ ಜಾಸ್ತಿ. ಕಡೂರಿಗೆ ವಾರಕ್ಕೆ ಎಷ್ಟು ಸಲ ಹೋಗುತ್ತೀಯ?

ಭವ್ಯ


ತರೀಕೆರೆ
28 ಜುಲೈ 2025

ಭವ್ಯಾ,

ಬೈದೆಯಲ್ಲ, ನೆಮ್ಮದಿಯಾಯಿತು. ಕಡೂರಿಗೆ ಎಷ್ಟು ಸಲ ಬೇಕಾದರೂ ಹೋಗುತ್ತೇನೆ, ನಿನ್ನ ಅಪ್ಪಣೆ ಬೇಕಾ? ಅವನು ನಮಗಿಂತ ಚಿಕ್ಕವನು ಮಾರಾಯ್ತಿ. ಮಾತು ಮಾತಿಗೆ ಅಕ್ಕ ಅಕ್ಕ ಅನ್ನುತ್ತಾನೆ. ಚಹಾ ಮಾತ್ರ ಚೆನ್ನಾಗಿ ಮಾಡುತ್ತಾನೆ.

ಪೆಟ್ಟಿಗೆಗಳ ವಿಚಾರ ಹೇಳುತ್ತೇನೆ, ಸಿಟ್ಟು ಪಕ್ಕಕ್ಕಿಟ್ಟು ಓದು. ಒಂದು ಕಪ್ಪು ಪೆಟ್ಟಿಗೆ, ನೋಡಲು ಲಕ್ಷಣವಾಗಿದೆ, ಸುಲಭ. ಅದರಲ್ಲಿ ಸ್ವಿಂಗ್ ಎಂದು ಬರೆದಿರುವ ಒಂದು ತಿರುಪು ಇದೆ. ತಿರುಗಿಸಿದರೆ ತಾಳ ತೂಗುತ್ತದೆ, ಒಂದು ಬಿಟ್ಟು ಒಂದು ಪೆಟ್ಟು ಸ್ವಲ್ಪ ತಡವಾಗಿ ಬೀಳುತ್ತದೆ. ಇನ್ನೊಂದು ಬೂದು ಬಣ್ಣದ್ದು, ನೋಡಿದರೆ ತಲೆನೋವು. ಅದರಲ್ಲಿ ಯಾವ ಗುಂಡಿಯ ಪೆಟ್ಟನ್ನು ಬೇಕಾದರೂ, ಅದೊಂದನ್ನೇ, ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಬಹುದಂತೆ. ಒಂದೊಂದನ್ನೇ ಹಿಡಿದು ಸರಿಸುತ್ತಾ ಕೂರುವುದು ಯಾರು? ಮೂರನೆಯದು ನಾವು ಕೈಯಲ್ಲಿ ಬಾರಿಸಿದ್ದನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಕೈ ಬೇಕು. ಅದರ ಮಾತು ಬಿಡೋಣ.

ನಮಗೆ ಬೇಕಾದದ್ದು ನಿನ್ನ ಜೋಲಿ, ಇನ್ನೇನೂ ಅಲ್ಲ. ನೆನಪಿದೆಯಾ, ಬುಕ್ಕಾಂಬುಧಿಯ ಮದುವೆಯಲ್ಲಿ ಆರತಿ ಹಾಡಿಗೆ ನಿನ್ನ ಅತ್ತೆ, ಆಗಿನ್ನೂ ಅತ್ತೆಯಾಗಿರಲಿಲ್ಲ, ತಲೆದೂಗುತ್ತಾ "ಈ ಹುಡ್ಗಿ ಕೈಯಾಗೆ ಜೋಲಿ ಐತೆ ಕಣ್ರೇ" ಎಂದದ್ದು? ಆಮೇಲೆ ಆ ಕೈಯನ್ನೇ ಕೇಳಿಕೊಂಡು ನಿಮ್ಮನೆಗೆ ಬಂದರು. ಆವತ್ತಿನಿಂದ ತಂಡದಲ್ಲಿ ಎಲ್ಲರೂ ಅದನ್ನು ಜೋಲಿ ಅಂತಲೇ ಕರೆದೆವು. ಅದಿಲ್ಲದಿದ್ದರೆ ಆರತಿ ಹಾಡು ಪ್ರಾರ್ಥನೆ ಪೀರಿಯಡ್ಡಿನ ಹಾಗೆ ಕೇಳುತ್ತದೆ.

ಜೋಲಿ ಅಂದರೇನು ಅಕ್ಕ ಎಂದು ದುಶ್ಯಂತ್ ಕೇಳಿದ. ಮಗುವಿಗೆ ಸೀರೆಯಲ್ಲಿ ಕಟ್ಟುತ್ತಾರಲ್ಲ, ತೂಗುತ್ತದಲ್ಲ, ಅದು ಕಣೋ ಎಂದೆ. "ಓ, ಸ್ವಿಂಗ್! ಹಂಗಾದ್ರೆ ಕಪ್ಪುದ್ರಲ್ಲೇ ಐತಲ್ಲಕ್ಕ" ಎಂದ. ನನಗೂ ಹೌದೆನಿಸಿತು. ಜೋಲಿ ಅಂದರೆ ಸ್ವಿಂಗ್ ತಾನೆ? ನೀನು ಹೂಂ ಅಂದರೆ ಕಪ್ಪು ಪೆಟ್ಟಿಗೆಯನ್ನೇ ಕಡೂರಿನ ಗಣಪತಿ ಪೆಂಡಾಲಿನ ಕಾರ್ಯಕ್ರಮಕ್ಕೆ ತಂದು ನೋಡುತ್ತೇನೆ.

ಮಾಲಿನಿ


ಅಜ್ಜಂಪುರ
4 ಆಗಸ್ಟ್ 2025

ಮಾಲಿನಿ,

ಹೂಂ. ಜೋಲಿ ಅಂದರೆ ಸ್ವಿಂಗೇ. ಕಪ್ಪು ಪೆಟ್ಟಿಗೆ ಸಾಕು. ಚೆನ್ನಾಗಿ ಹೊಂದುತ್ತದೆ.

ಇಷ್ಟು ಬರೆದದ್ದನ್ನು ನೋಡಿ ಅತ್ತೆ, "ಇಷ್ಟೇನಾ? ಹೋದ್ಸಲ ಹಾಳೆ ತುಂಬಾ ಬೈದಿದ್ದೆ. ಬೈಗುಳ ಖಾಲಿ ಆಯ್ತಾ, ಇಲ್ಲಾ ಹೊಟ್ಟೇಲಿ ಇಟ್ಕೊಂಡಿದೀಯಾ?" ಎಂದರು. ಕೈ ನೋಯುತ್ತದೆ ಎಂದೆ.

ಪೆಂಡಾಲಿನ ಕಾರ್ಯಕ್ರಮ ಚೆನ್ನಾಗಿ ಆಗಲಿ.

ಪ್ರೀತಿಯಿಂದ
ಭವ್ಯ


ತರೀಕೆರೆ
8 ಸೆಪ್ಟೆಂಬರ್ 2025

ಭವ್ಯಾ,

ಕಡೂರಿನ ಪೆಂಡಾಲಿನಲ್ಲಿ ಮಾನ ಮೂರು ಕಾಸಿಗೆ ಹೋಯಿತು.

ಮೊದಲ ಹಾಡಿಗೆ ಜನ ಸುಮ್ಮನಿದ್ದರು. ಎರಡನೆಯದಕ್ಕೆ ಫೋನು ತೆಗೆದರು. ಆರತಿ ಹಾಡಿಗೆ ದುಶ್ಯಂತ್ ಸ್ವಿಂಗಿನ ತಿರುಪು ಇನ್ನಷ್ಟು ಏರಿಸಿದ. ಎಲ್ಲ ಪೆಟ್ಟೂ ಕಾಲೆಳೆದುಕೊಂಡು ಬಂದವು. ನಾನು ಸಾಲಿನ ಮೇಲೆ ಸಾಲು ಎಡವಿದೆ. ಮುಂದೆ ಕೂತಿದ್ದ ಒಬ್ಬ ಯಜಮಾನ ಎದ್ದು ನಿಂತು, "ಏನವ್ವಾ, ನಿಮ್ ಪೆಟ್ಗೆ ಕುಡ್ಕಂಡ್ ಬಂದೈತಾ?" ಎಂದು ಕೇಳಿದ. ಇಡೀ ಪೆಂಡಾಲು ನಕ್ಕಿತು. ನಾನೂ ಮೈಕಿನಲ್ಲಿ ನಕ್ಕಂತೆ ಮಾಡಿದೆ. ಮನೆಗೆ ಬಂದು ಅತ್ತುಬಿಟ್ಟೆ.

ದಾರಿಯಲ್ಲಿ ಯೋಚಿಸಿದೆ. ಪ್ರಾಕ್ಟೀಸಿನಲ್ಲಿ ನಾನು ತಾಳ ಒಂದಿಷ್ಟು ಎಳೆದರೆ ಕೋಲು ಎತ್ತಿ ಹೊಡೆಯಲು ಬರುತ್ತಿದ್ದವಳು ನೀನು. ಒಂದು ಬಿಟ್ಟು ಒಂದು ಪೆಟ್ಟು ತಡವಾಗುತ್ತದೆ ಎಂದು ನಾನೇ ಬಿಡಿಸಿ ಬರೆದಿದ್ದೆ. ಅದು ಜೋಲಿಯಲ್ಲ ಅಂತ ನಿನಗೆ ಗೊತ್ತಾಗಲಿಲ್ಲ ಎಂದರೆ ನಾನು ನಂಬಬೇಕಾ? ಪ್ರೀತಿಯಿಂದ ಎಂದು ಬೇರೆ ಸಹಿ ಹಾಕಿದ್ದೀಯ! ಆಗಲೇ ನನಗೆ ಅನುಮಾನ ಬರಬೇಕಿತ್ತು. ಬೇಕಂತಲೇ ಮಾಡಿದೆಯಾ? ಹೌದು ಅಥವಾ ಇಲ್ಲ ಎಂದು ಬರಿ.

ಮಾಲಿನಿ


ಅಜ್ಜಂಪುರ
11 ಸೆಪ್ಟೆಂಬರ್ 2025

ಮಾಲಿನಿ,

ಹೌದು.

ಇನ್ನೂ ಕೇಳು. ನಾನು ಅಲ್ಲೇ ಇದ್ದೆ. ಕಡೂರಿನಲ್ಲಿ ಕೈ ತೋರಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಸಂಜೆ ಪೆಂಡಾಲಿಗೆ ಬಂದು, ಸೌತೆಕಾಯಿ ಗಾಡಿಯ ಹಿಂದೆ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದೆ. ಆ ಯಜಮಾನ ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಖುಷಿಯಾಯಿತು ಕಣೇ. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ಖುಷಿ ಹೋದದ್ದು ಸ್ಟೇಜು ಸರಿಯಾಗಿ ಕಂಡ ಮೇಲೆ. ನನ್ನ ಸ್ಟೂಲಿನ ಮೇಲೆ ಆ ಕಪ್ಪು ಪೆಟ್ಟಿಗೆ ಕೂತಿತ್ತು. ಅದರ ಕೆಳಗೆ ನಾನು ಹೊಲಿದ ಕೆಂಪು ಹೊದಿಕೆ. ನನ್ನ ಪ್ಯಾಡಿಗೆ ಧೂಳು ಕೂರದಿರಲಿ ಅಂತ ಮದುವೆ ಸೀರೆಯ ಬ್ಲೌಸ್ ಪೀಸಿನಲ್ಲಿ ಹೊಲಿದಿದ್ದು. ಅದನ್ನೇ ತೆಗೆದು ಹಾಸಿದ್ದೀಯಲ್ಲ, ಬೇರೆ ಬಟ್ಟೆ ಇರಲಿಲ್ಲವಾ ನಿಮ್ಮನೆಯಲ್ಲಿ? ಮತ್ತೆ ಆ ಹುಡುಗ ನಿನ್ನ ಮೈಕು ಸರಿ ಮಾಡಿದ. ನೀನು ಎಡಗಡೆ ತಿರುಗಿ ಅವನಿಗೆ ನಕ್ಕೆ. ಹಾಡಿನ ನಡುವೆ ಎಡಗಡೆ ತಿರುಗಿ ನಗುವುದು ನನಗೆ ಮಾತ್ರ ಅಂದುಕೊಂಡಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರು ಬರುವವರೆಗೂ ಅಳುತ್ತಾ ಬಂದೆ.

ಜೋಲಿ ಅಂದರೆ ಸ್ವಿಂಗ್ ಅಲ್ಲ. ನಾಲ್ಕು ವರ್ಷ ಅದರ ಮೇಲೆ ಕೂತು ಹಾಡಿದವಳು ಇದನ್ನು ಪತ್ರದಲ್ಲಿ ಕೇಳುತ್ತೀಯಲ್ಲ, ಅದಕ್ಕೇ ನನಗೆ ಅಷ್ಟು ರೇಗಿದ್ದು. ಜೋಲಿ ಹೋಗುವಾಗಲೂ ತಡವಿಲ್ಲ, ಬರುವಾಗಲೂ ತಡವಿಲ್ಲ. ಆ ತುದಿಗೆ ಹೋಗಿ ವಾಪಸ್ಸು ತಿರುಗುವ ಜಾಗದಲ್ಲಿ ಮಾತ್ರ ಚೂರು ನಿಂತ ಹಾಗೆ ಆಗುತ್ತದೆ. ಯಾವ ಬಾಣಂತಿಯನ್ನು ಕೇಳಿದರೂ ಹೇಳುತ್ತಾಳೆ. ನಾನು ತಡೆದು ಹೊಡೆಯುತ್ತಿದ್ದದ್ದು ಅದೊಂದೇ ಪೆಟ್ಟು, ಹಾಡಿನ ಒಂದು ಸಾಲು ಮುಗಿದು ಇನ್ನೊಂದಕ್ಕೆ ತಿರುಗುವಾಗಿನದು. ಉಳಿದದ್ದೆಲ್ಲ ಗಡಿಯಾರದ ಹಾಗೆ. ಎಲ್ಲವನ್ನೂ ಎಳೆದರೆ ಅದು ಜೋಲಿಯಲ್ಲ, ಕುಂಟು.

ನಿನಗೆ ಬೇಕಾದದ್ದು ಬೂದು ಪೆಟ್ಟಿಗೆ. ಅದು ಆವತ್ತೇ ನನಗೆ ಗೊತ್ತಿತ್ತು. ತಗೋ, ಹೇಳಿಬಿಟ್ಟೆ. ಇನ್ನು ನಾನು ಯಾಕೆ ಬೇಕು ನಿನಗೆ?

ಭವ್ಯ


ತರೀಕೆರೆ
29 ಸೆಪ್ಟೆಂಬರ್ 2025

ಭವ್ಯಾ,

ಎರಡು ವಾರ ನಿನಗೆ ಬರೆಯಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ. ಸೌತೆಕಾಯಿ ಗಾಡಿಯ ಹಿಂದೆ ನಿಂತು ನಕ್ಕಳಂತೆ! ಥೂ ನಿನ್ನ. ಹೊದಿಕೆ ಹಾಸಿದ್ದು ಮಾತ್ರ ನನ್ನ ತಪ್ಪೇ. ಕೈಗೆ ಸಿಕ್ಕಿತು, ಹಾಸಿದೆ.

ನಿನ್ನ ಮಾತಿನಂತೆ ಬೂದು ಪೆಟ್ಟಿಗೆ ಹಿಡಿದು ಕೂತೆವು. ಈಗ ನನ್ನ ಕಥೆ ಕೇಳು. ಆ ಒಂದು ಪೆಟ್ಟು ಎಷ್ಟು ತಡ ಎಂದು ಅಳೆಯಲು ದುಶ್ಯಂತ್ ನಮ್ಮ ಹಳೆಯ ರೆಕಾರ್ಡಿಂಗ್ ಹಾಕಿದ. ಕಣ್ಣು ಮುಚ್ಚಿಕೊಂಡು ಕೇಳಿದ. ಮತ್ತೆ ಹಾಕಿದ. "ಅಕ್ಕಾ, ಯಾರಕ್ಕ ಇದು ಬಾರ್ಸಿರೋದು? ಏನ್ ಕೈ ಅಕ್ಕ ಇದು!" ಅಂತ ಅದನ್ನೇ ಮತ್ತೆ ಮತ್ತೆ ಹೇಳಿದ. ಅದೇ ರೆಕಾರ್ಡಿಂಗಿನಲ್ಲಿ ನಾನು ಗಂಟಲು ಹರಿದುಕೊಂಡು ಹಾಡುತ್ತಿದ್ದೇನೆ. ಪಕ್ಕದಲ್ಲೇ ಕೂತಿದ್ದೇನೆ. ಹಾಡಿದ್ದು ಯಾರು ಎಂದು ಅವನು ಕೇಳಲೇ ಇಲ್ಲ. ಈಗ ಅವನ ಸ್ಟುಡಿಯೋಗೆ ಹೋದರೆ ನಿನ್ನದೇ ಭಜನೆ. ಭವ್ಯಕ್ಕ ಹೆಂಗೆ, ಭವ್ಯಕ್ಕ ಎಲ್ಲಿ ಕಲಿತರು, ಒಂದ್ಸಲ ಮಾತಾಡಿಸಿ ಅಕ್ಕ. ಚಹಾ ಮಾಡುವುದನ್ನೂ ಮರೆತಿದ್ದಾನೆ.

ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಇದೆ ಅಂದುಕೊಂಡಿದ್ದೀಯಾ? ನಮ್ಮ ಯಾವ ಕಾರ್ಯಕ್ರಮ ಮುಗಿದ ಮೇಲೂ ಹೆಂಗಸರು ನಿನ್ನ ಕೈ ಹಿಡಿದು ನೋಡುತ್ತಿದ್ದರು. ನನಗೆ "ನೀವೂ ಚೆನ್ನಾಗಿ ಹಾಡಿದ್ರಿ" ಎಂದು ಹೇಳಿ ಊಟದ ಹಾಲಿಗೆ ಓಡುತ್ತಿದ್ದರು. ಆ "ನೀವೂ" ಎನ್ನುವುದನ್ನು ನುಂಗಿಕೊಂಡು ನಾಲ್ಕು ವರ್ಷ ನಿನ್ನ ಪಕ್ಕ ನಿಂತಿದ್ದೇನೆ. ನೀನಿಲ್ಲದೆ ಒಮ್ಮೆ ಗೆದ್ದು ತೋರಿಸಬೇಕೆಂದು ನನಗೂ ಇತ್ತು. ಪೆಂಡಾಲಿನಲ್ಲಿ ಅದೂ ಆಗಲಿಲ್ಲ.

ಬೂದು ಪೆಟ್ಟಿಗೆಯೂ ಕೈ ಕೊಟ್ಟಿದೆ. ಆ ಪೆಟ್ಟನ್ನು ಹಿಂದಕ್ಕೆ ಸರಿಸಿದರೆ ಮೊದಲ ಸಾಲಿಗೆ ಸರಿಹೋಗುತ್ತದೆ, ಎರಡನೆಯ ಸಾಲಿಗೆ ಹೆಚ್ಚಾಗುತ್ತದೆ, ಮೂರನೆಯದಕ್ಕೆ ಸಾಲದು. ಪ್ರತಿ ಸಾಲಿಗೂ ನಿನ್ನ ಕೈ ಬೇರೆ ಬೇರೆ ತಡ ಮಾಡಿದೆ. ಅದಕ್ಕೆ ಲೆಕ್ಕವೇ ಸಿಗುತ್ತಿಲ್ಲ ಎಂದು ದುಶ್ಯಂತ್ ತಲೆ ಕೆರೆದುಕೊಳ್ಳುತ್ತಿದ್ದಾನೆ. ನಿನ್ನ ಕೈಗಾದರೂ ಲೆಕ್ಕ ಗೊತ್ತಿರಬೇಕಲ್ಲ?

ಪೆಟ್ಟಿಗೆಯನ್ನು ನಿನ್ನ ಕೆಂಪು ಹೊದಿಕೆಯಲ್ಲೇ ಸುತ್ತಿ ಈರಪ್ಪನ ಕೈಲಿ ಕಳಿಸುತ್ತಿದ್ದೇನೆ. ಬೇಕಾದರೆ ನೋಡು, ಬೇಡವಾದರೆ ಬಾವಿಗೆ ಎಸೆ. ಎಸೆದರೆ ರಿಸೆಪ್ಷನ್ ಮನೆಯವರಿಗೆ ಆಗುವುದಿಲ್ಲ ಎಂದು ಹೇಳಿ, ಶಿವಮೊಗ್ಗದ ತಂಡದಲ್ಲಿ ಕೋರಸ್ ಹಾಡಲು ಹೋಗುತ್ತೇನೆ. ಅವರು ಕರೆದಿದ್ದಾರೆ.

ಮಾಲಿನಿ


ಅಜ್ಜಂಪುರ
25 ಅಕ್ಟೋಬರ್ 2025

ಮಾಲಿನಿ,

ತಡವಾಯಿತು. ಬಾವಿಗೆ ಎಸೆಯಲಿಲ್ಲ. ಮೂರು ದಿನ ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಅತ್ತೆಯೇ ವೈರು ಚುಚ್ಚಿ, ಎಲ್ಲ ಗುಂಡಿಯನ್ನೂ ಒತ್ತಿಬಿಟ್ಟರು. ಡಬ ಡಬ ಎಂದು ಹೊಡೆದುಕೊಂಡಿತು. "ಇದೇನೇ ಇದು, ಕಾಳು ಒಕ್ಕಣೆ ಮಾಡ್ದಂಗೈತೆ. ಬಂದು ಇದರ ಬಾಯಿ ಮುಚ್ಸೇ" ಎಂದು ಕೂಗಿದರು. ಬಾಯಿ ಮುಚ್ಚಿಸಲು ಹೋದವಳು ಕೂತೆ.

ನೀನು ಹೇಳಿದ ಹಾಗೇ ಇದೆ. ಎಡಗೈ ಬೆರಳಲ್ಲಿ ಗುಂಡಿ ಒತ್ತಿ ಹಿಡಿಯಬೇಕು, ಬಲಗೈಯಲ್ಲಿ ಪಕ್ಕದ ತಿರುಪು ತಿರುಗಿಸಬೇಕು. ಆಗ ಆ ಪೆಟ್ಟು ಸರಿಯುತ್ತದೆ. ನಗು ಬಂತು. ಡಾಕ್ಟರು ದಿನಾ ಬಾಟಲಿಯ ಮುಚ್ಚಳ ತಿರುಗಿಸಿ ಎಂದಿದ್ದಾರೆ. ಅದೇ ಕೆಲಸ. ಮುಚ್ಚಳ ಬಿಟ್ಟು ಇದನ್ನೇ ತಿರುಗಿಸುತ್ತಿದ್ದೇನೆ. ಕೈ ನೋಯುತ್ತದೆ, ಬೆರಳು ಮಾತು ಕೇಳುತ್ತದೆ.

ಲೆಕ್ಕ ಕೇಳಿದೆಯಲ್ಲ, ಅದನ್ನು ಹುಡುಕಲು ನಾನೂ ಆ ಹಳೆಯ ರೆಕಾರ್ಡಿಂಗ್ ಹಾಕಿಕೊಂಡೆ. ಮೊದಲು ನನ್ನ ಪೆಟ್ಟನ್ನೇ ಕೇಳಿದೆ. ಲೆಕ್ಕ ಸಿಗಲಿಲ್ಲ. ಆಮೇಲೆ ನಿನ್ನ ಹಾಡು ಕೇಳಿದೆ, ಆಗ ಹೊಳೆಯಿತು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲೇ ಇಲ್ಲ ಕಣೇ. ಬಾರಿಸುವಾಗ ನಾನು ಪ್ಯಾಡು ನೋಡುತ್ತಿರಲಿಲ್ಲ. ನಿನ್ನ ಎಡಭುಜ ನೋಡುತ್ತಿದ್ದೆ. ಸಾಲು ಮುಗಿದು ತಿರುಗುವಾಗ ನೀನು ಉಸಿರು ತೆಗೆದುಕೊಳ್ಳುತ್ತೀಯ, ಆಗ ಆ ಭುಜ ಮೇಲೆ ಹೋಗುತ್ತದೆ. ಅದು ಕೆಳಗೆ ಇಳಿಯುವವರೆಗೂ ಕೋಲು ಎತ್ತಿ ಹಿಡಿದಿರುತ್ತಿದ್ದೆ. ಉದ್ದ ಸಾಲಿಗೆ ಉದ್ದ ಉಸಿರು, ಚಿಕ್ಕದಕ್ಕೆ ಚಿಕ್ಕದು. ನೆಗಡಿಯಾದ ದಿನ ಇನ್ನೂ ತಡ. ಜೋಲಿ ಎಂದು ಎಲ್ಲರೂ ನನ್ನ ಕೈ ಹಿಡಿದು ನೋಡಿದ್ದು ನಿನ್ನ ಉಸಿರನ್ನು. ಇದು ತಿಳಿದು ನನಗೆ ಒಂದು ದಿನವಿಡೀ ಹೊಟ್ಟೆ ಉರಿಯಿತು. ನನ್ನದು ಎಂದುಕೊಂಡಿದ್ದ ಒಂದೇ ಒಂದು ವಿದ್ಯೆಯಲ್ಲೂ ಅರ್ಧ ನಿನ್ನದೇ ಅಂತಾಯಿತಲ್ಲ. ನಿನ್ನ ಆ "ನೀವೂ" ಇನ್ನು ನನಗೆ.

ಆದರೆ ಒಂದು ಮಾತು. ಪೆಟ್ಟಿಗೆಗೆ ಭುಜ ನೋಡಲು ಕಣ್ಣಿಲ್ಲ. ಮನೆಯಲ್ಲಿ ಕೂತು ದುಶ್ಯಂತ್ ಎಷ್ಟು ಸರಿಸಿಟ್ಟರೂ ಅದು ನಿನ್ನೆಯ ಉಸಿರಿಗೆ ಸರಿಯಾಗುತ್ತದೆಯೇ ಹೊರತು ಇವತ್ತಿನದಕ್ಕಲ್ಲ. ನೀನು ಹಾಡುತ್ತಿರುವಾಗಲೇ ಯಾರಾದರೂ ಪಕ್ಕದಲ್ಲಿ ಕೂತು, ನಿನ್ನನ್ನೇ ನೋಡುತ್ತಾ, ಆ ಒಂದು ಗುಂಡಿಯನ್ನು ಹಿಡಿದು ತಿರುಪು ತಿರುಗಿಸುತ್ತಿರಬೇಕು. ಕಪ್ಪು ಪೆಟ್ಟಿಗೆಯಲ್ಲಿ ಇದು ಆಗುವುದಿಲ್ಲ, ಬೂದಿನಲ್ಲಿ ಆಗುತ್ತದೆ. ಬೂದನ್ನೇ ಇಟ್ಟುಕೋ. ನನ್ನ ಕೈ ಕೋಲು ಹಿಡಿಯುವುದಿಲ್ಲ, ತಿರುಪು ಹಿಡಿಯುತ್ತದೆ.

ನನ್ನ ಜಾಗದಲ್ಲಿ ಅದನ್ನು ಕೂರಿಸಬೇಡ. ಅಲ್ಲಿ ನಾನು ಕೂರುತ್ತೇನೆ, ಅದು ನನ್ನ ತೊಡೆಯ ಮೇಲೆ ಕೂರಲಿ. ಆ ದುಶ್ಯಂತ್ ಸ್ಪೀಕರಿನ ಹಿಂದೆ ವೈರು ಹಿಡಿದುಕೊಂಡು ನಿಲ್ಲಲಿ. ಎಡಗಡೆ ಬಂದರೆ ನೋಡು ಮತ್ತೆ.

ಶಿವಮೊಗ್ಗದವರಿಗೆ ಏನು ಹೇಳಿದೆ?

ಭವ್ಯ


ತರೀಕೆರೆ
28 ಅಕ್ಟೋಬರ್ 2025

ಭವ್ಯಾ,

ಶಿವಮೊಗ್ಗದವರಿಗೆ ನಾನು ಹೂಂ ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ನಿನ್ನ ಪತ್ರ ಕೈಗೆ ಬಂದ ಮೇಲೆ ಇಲ್ಲ ಎಂದೆ. ಅಕ್ಷರ ದುಂಡಗಾಗಿದೆ ಕಣೇ. ಹೊದಿಕೆ ತೊಳೆದು ತಾ, ಕಳಿಸುವ ಮೊದಲು ನಾನೇ ಅದರ ಮೇಲೆ ಚಹಾ ಚೆಲ್ಲಿದ್ದೆ.

ಸ್ಟೂಲು ತೆಗೆದು ನಿನಗೆ ಕುರ್ಚಿ ಹಾಕಿದ್ದೇನೆ, ಎಡಗಡೆ. ದುಶ್ಯಂತ್‌ಗೆ ಅವನ ಜಾಗ ಹೇಳಿದೆ. "ಭವ್ಯಕ್ಕ ಬತ್ತಾರಾ? ಹಂಗಾದ್ರೆ ಸ್ಪೀಕರ್ ಒಳಗೆ ಬೇಕಾದ್ರೂ ಕೂರ್ತೀನಿ" ಎಂದ. ನೋಡಿದೆಯಾ, ಮೈ ಉರಿಯುತ್ತದೋ ಇಲ್ಲವೋ ನನಗೆ?

ಒಂದು ಅನಾಹುತ ಮಾಡಿದ್ದೀಯ. ನೀನು ನನ್ನ ಭುಜ ನೋಡುತ್ತಿದ್ದೆ ಎಂದು ಗೊತ್ತಾದ ಮೇಲೆ, ಆರತಿ ಹಾಡಿನಲ್ಲಿ ಸಾಲು ತಿರುಗುವ ಜಾಗಕ್ಕೆ ಬಂದರೆ ನನಗೆ ಉಸಿರು ತೆಗೆದುಕೊಳ್ಳುವುದೇ ಮರೆತುಹೋಗುತ್ತಿದೆ. ನಿನ್ನೆಯಿಂದ ಒಂದು ಸಲವೂ ಪೂರ್ತಿ ಹಾಡಲು ಆಗಿಲ್ಲ. ಎಡಗಡೆ ತಿರುಗುತ್ತೇನೆ, ಖಾಲಿ ಕುರ್ಚಿ.

ಈರಪ್ಪನ ಬೆಳಗಿನ ಬಸ್ಸಿಗೇ ಬಾ. ಬರುವಾಗ ನಿನ್ನ ಸವತಿಯನ್ನೂ ಕರೆದುಕೊಂಡು ಬಾ.

ನಿನ್ನ
ಮಾಲಿನಿ